ಹಳೆ ಪದ್ಮಿನಿ ಸ್ಟಾರ್ಟ್ ಆಗ್ತಿಲ್ವಾ? ಪೆಟ್ರೋಲ್ ಎಲ್ಲಿವರೆಗೆ ಬಂತು ಅಂತ ಮೊದಲು ನೋಡಿ

ನಮ್ಮ ಪದ್ಮಿನಿ ಕಾರು ಹೋದ ವರ್ಷ ಯುಗಾದಿಯ ಹಿಂದಿನ ದಿನ ಕೈಕೊಟ್ಟಿತು. ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಮೆಕ್ಯಾನಿಕ್ ಬಂದರು. ಬಾನೆಟ್ ಎತ್ತಿದ್ದೇ ತಡ, "ಕಾರ್ಬುರೇಟರ್ ಹೋಗಿದೆ ಸಾರ್" ಎಂದರು. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಆ ಭಾಗವನ್ನು ಬಿಚ್ಚಿದರು, ತೊಳೆದರು, ಹೊಸ ಕಿಟ್ ಹಾಕಿದರು. ಗಾಡಿ ಸ್ಟಾರ್ಟ್ ಆಯಿತು. ಮೂರು ದಿನ ಓಡಿತು, ನಾಲ್ಕನೇ ದಿನ ಅದೇ ಕಥೆ. ಎರಡನೇ ಸಲ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ಬದಲಾಯಿತು. ಮತ್ತೆ ಅದೇ ಕಥೆ.

ಕೊನೆಗೆ ಒಂದು ಭಾನುವಾರ ನಾನೇ ಕೂತೆ. ಸಿಕ್ಕಿದ್ದು ನಾಲ್ಕು ಇಂಚು ಉದ್ದದ ರಬ್ಬರ್ ಪೈಪ್. ಪಂಪಿಗೆ ಸೇರುವ ಕಡೆ ಇರುತ್ತಲ್ಲ, ಅದೇ. ಹೊರಗಿನಿಂದ ಕಪ್ಪಗೆ, ಚೆನ್ನಾಗಿಯೇ ಕಾಣುತ್ತಿತ್ತು. ಬ್ಲೇಡ್ ತಗೊಂಡು ಉದ್ದಕ್ಕೆ ಸೀಳಿದೆ. ಒಳಗಿನ ಪದರ ಕಿತ್ತು ನಾಲಿಗೆಯ ಹಾಗೆ ನೇತಾಡುತ್ತಿತ್ತು. ಪಂಪ್ ಪೆಟ್ರೋಲ್ ಎಳೆದಾಗೆಲ್ಲ ಆ ನಾಲಿಗೆ ಮಡಚಿಕೊಂಡು ದಾರಿ ಮುಚ್ಚುತ್ತಿತ್ತು. ಯಾರಾದರೂ ಬಿಚ್ಚಿ ಜೋಡಿಸಿದಾಗ ಪೈಪ್ ಸ್ವಲ್ಪ ತಿರುಚಿ, ಎರಡು ಮೂರು ದಿನ ಸುಮ್ಮನಿರುತ್ತಿತ್ತು. ಹೊಸ ಪೈಪಿಗೆ ಆದ ಖರ್ಚು ಒಂದೆರಡು ಮಸಾಲೆ ದೋಸೆಯದ್ದು. ಅದಕ್ಕೂ ಮೊದಲು ಆದ ಖರ್ಚು ಕೇಳಬೇಡಿ.

ಅವತ್ತಿನಿಂದ ನನ್ನದು ಒಂದೇ ಪದ್ಧತಿ. ಪೆಟ್ರೋಲ್ ಟ್ಯಾಂಕಿನಿಂದ ಹೊರಟು ಎಂಜಿನ್ನಿನ ಬಾಯಿಗೆ ಬರುವ ದಾರಿಯಲ್ಲಿ ನಾನೂ ನಡೆಯುತ್ತೇನೆ. ಟ್ಯಾಂಕು, ಕಬ್ಬಿಣದ ಪೈಪು, ರಬ್ಬರ್ ಪೈಪು, ಫಿಲ್ಟರ್, ಪಂಪು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು ಅಂದರೆ ಫ್ಲೋಟ್ ಬೌಲ್, ಕೊನೆಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್. ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು? ಅದು ಗೊತ್ತಾಗುವವರೆಗೆ ಕಾರ್ಬುರೇಟರಿನ ಒಂದು ಸ್ಕ್ರೂ ಕೂಡ ತಿರುಗಿಸುವುದಿಲ್ಲ.

ಇಲ್ಲಿ ನಾನು ಬರೆಯುವುದು ಪದ್ಮಿನಿಯನ್ನು ಮನಸ್ಸಲ್ಲಿಟ್ಟುಕೊಂಡು. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಮುಂಬೈನ ಕುರ್ಲಾದಲ್ಲಿ ಶುರುವಾಗಿ, 1974ರಿಂದ ಪದ್ಮಿನಿ ಎಂಬ ಹೆಸರು ಹೊತ್ತು, 2001ರ ಹೊತ್ತಿಗೆ ತಯಾರಿಕೆ ನಿಂತ ಗಾಡಿ. 1089 ಸಿಸಿ ಎಂಜಿನ್, ಬಹಳಷ್ಟು ಗಾಡಿಗಳಲ್ಲಿ ಸೋಲೆಕ್ಸ್ ಕಾರ್ಬುರೇಟರ್, ಎಂಜಿನ್ನಿನ ಮೈಗೇ ಅಂಟಿದ ಮೆಕ್ಯಾನಿಕಲ್ ಪಂಪು. ಅಂಬಾಸಿಡರ್ ಇಟ್ಟುಕೊಂಡವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಹಳೇ ಮಾರುತಿ 800 ಇದ್ದರೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಸ್ಪಾನರ್ ಹಿಡಿಯುವ ಮೊದಲು

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಬೇಡ, ಗಾಡಿಯನ್ನು ಹೊರಗೆ ತಳ್ಳಿ. ಅಕ್ಕಪಕ್ಕ ಗೀಸರ್, ಒಲೆ, ಪೂಜೆಯ ದೀಪ, ಬೀಡಿ ಸೇದುವ ಪಕ್ಕದ ಮನೆಯವರು, ಯಾವುದೂ ಇರಬಾರದು. ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಕೈಗೆಟಕುವಲ್ಲಿರಲಿ. ಇಲ್ಲವಾದರೆ ಕನಿಷ್ಠ ಒಂದು ಬಕೆಟ್ ಒಣ ಮರಳು. ನೀರು ಎರಚಬೇಡಿ, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಪೆಟ್ರೋಲ್ ಪೈಪ್ ಬಿಚ್ಚುವಾಗ ಬ್ಯಾಟರಿಯ ಒಂದು ಟರ್ಮಿನಲ್ ತೆಗೆದಿಡಿ. ಸೆಲ್ಫ್ ಹೊಡೆಯುವ ಪರೀಕ್ಷೆಗೆ ಮಾತ್ರ ಮತ್ತೆ ಜೋಡಿಸಿದರೆ ಸಾಕು.

ಇನ್ನೊಂದು ಮಾತು. ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯಬೇಡಿ. ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ, ಗೊತ್ತು. ಹೊಟ್ಟೆಗೆ ಹೋದರೆ ಒಂದು ಪಾಡು, ಶ್ವಾಸಕೋಶಕ್ಕೆ ಒಂದು ಗುಟುಕು ಇಳಿದರಂತೂ ಆಸ್ಪತ್ರೆಯೇ ಗತಿ.

ಇದು ಪೆಟ್ರೋಲ್ ತೊಂದರೆಯೇ?

ಅರ್ಧಕ್ಕರ್ಧ ಸಲ ಅಲ್ಲ. ಹಾಗಾಗಿ ಪೆಟ್ರೋಲ್ ಪೈಪ್ ಮುಟ್ಟುವ ಮೊದಲೇ ಕಿಡಿ ನೋಡಿ ಮುಗಿಸಿ. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಡಿ. ಪ್ಲಗ್ ಬಿಚ್ಚಿದ ತೂತಿನಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ ಬಣ್ಣದ ಚಟ್ ಚಟ್ ಕಿಡಿ ಬಂದರೆ ಸರಿ. ಕಿಡಿಯೇ ಇಲ್ಲ ಅಥವಾ ಬಡಕಲು ಕೆಂಪು ಕಿಡಿ ಬಂತು ಅಂದರೆ ಕಿಡಿ ಹುಟ್ಟಿಸುವ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಕಡೆ ಹೋಗಿ. ಈ ಲೇಖನ ನಿಮಗಲ್ಲ.

ಕೈಯಲ್ಲಿರುವ ಆ ಪ್ಲಗ್ಗನ್ನೇ ಈಗ ಮೂಸಿ ನೋಡಿ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದ ಮೇಲೂ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಟ್ಟಿಕ್ಕುವಷ್ಟು ಒದ್ದೆ ಇದ್ದರೆ ಜಾಸ್ತಿ ಬಂದಿದೆ, ಎಂಜಿನ್ ಓವರ್‌ಫ್ಲೋ ಆಗಿದೆ. ಈ ಎರಡಕ್ಕೂ ಮದ್ದು ತದ್ವಿರುದ್ಧ. ಒಣ ಪ್ಲಗ್ಗಿನವರು ಮುಂದೆ ಓದಿ. ಒದ್ದೆ ಪ್ಲಗ್ಗಿನವರು ಹೀಗೆ ಮಾಡಿ: ಚೋಕ್ (ತಣ್ಣಗಿನ ಎಂಜಿನ್ನಿಗೆ ಗಟ್ಟಿ ಮಿಶ್ರಣ ಕೊಡಲು ಎಳೆಯುವ ಗುಂಡಿ) ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಾಗೇ ಹಿಡಿದುಕೊಳ್ಳಿ, ಪಂಪ್ ಮಾಡಬೇಡಿ, ಸೆಲ್ಫ್ ಹೊಡೆಯಿರಿ. ಒಳಗಿನ ಹೆಚ್ಚುವರಿ ಪೆಟ್ರೋಲನ್ನು ಗಾಳಿ ಒಣಗಿಸುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಆಮೇಲೆ ಅರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಟ್ಟು ಇನ್ನೊಂದು ಖರ್ಚು ಹುಟ್ಟುತ್ತದೆ.

ಸೋಲೆಕ್ಸ್ ಚೋಕ್: ಕಾಲು ತೆಗೆಯಿರಿ

ನಮ್ಮಪ್ಪ ಗಾಡಿ ಸ್ಟಾರ್ಟ್ ಮಾಡುವಾಗ ಬಲಗಾಲನ್ನು ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರು. ನಾವು ಅದನ್ನು ಅವರ ಶಾಸ್ತ್ರ ಅಂದುಕೊಂಡಿದ್ದೆವು. ಕಾರಣ ಬಹಳ ವರ್ಷ ಆದಮೇಲೆ ತಿಳಿಯಿತು.

ಬೇರೆ ಎಷ್ಟೋ ಕಾರ್ಬುರೇಟರುಗಳಲ್ಲಿ ಚೋಕ್ ಅಂದರೆ ಮೇಲೆ ಗಾಳಿ ಬರುವ ಬಾಯಿಗೆ ಅಡ್ಡ ಬರುವ ಒಂದು ತಗಡು. ಸೋಲೆಕ್ಸಿನ ಈ ಮಾದರಿಯಲ್ಲಿ ಆ ತಗಡು ಇಲ್ಲ. ಪಕ್ಕದಲ್ಲಿ ಒಂದು ಪುಟ್ಟ ತಿರುಗುವ ಬಿಲ್ಲೆ ಇದೆ. ಚೋಕ್ ಎಳೆದರೆ ಅದು ತಿರುಗಿ, ತಣ್ಣಗಿನ ಎಂಜಿನ್ನಿಗೆ ಬೇಕಾದ ಗಟ್ಟಿ ಮಿಶ್ರಣಕ್ಕೆ ಬೇರೆಯೇ ದಾರಿ ತೆರೆಯುತ್ತದೆ. ಆ ದಾರಿಯಲ್ಲಿ ಪೆಟ್ರೋಲ್ ಮೇಲೇರಬೇಕಾದರೆ ಎಂಜಿನ್ನಿನ ಎಳೆತ ಪೂರ್ತಿ ಅದಕ್ಕೇ ಸಿಗಬೇಕು. ನೀವು ಆಕ್ಸಿಲರೇಟರ್ ಒತ್ತಿದಿರೋ, ದೊಡ್ಡ ಬಾಗಿಲು ತೆರೆದು ಎಳೆತವೆಲ್ಲ ಅಲ್ಲಿಂದ ಸೋರಿಹೋಗುತ್ತದೆ. ಚೋಕ್ ಎಳೆದೂ ಎಳೆಯದ ಹಾಗೆ.

ಆದ್ದರಿಂದ ಚಳಿಯ ಬೆಳಗ್ಗೆ ಚೋಕ್ ಪೂರ್ತಿ ಎಳೆಯಿರಿ, ಪೆಡಲ್‌ನಿಂದ ಕಾಲು ತೆಗೆಯಿರಿ, ಸೆಲ್ಫ್ ಹೊಡೆಯಿರಿ. ಹತ್ತಿಕೊಂಡ ತಕ್ಷಣ ಚೋಕನ್ನು ಅರ್ಧಕ್ಕೆ ತಳ್ಳಿ, ಎಂಜಿನ್ ಸ್ವಲ್ಪ ಬೆಚ್ಚಗಾದ ಮೇಲೆ ಪೂರ್ತಿ ತಳ್ಳಿ. "ಸ್ಟಾರ್ಟಿಂಗ್ ಟ್ರಬಲ್" ಅಂತ ಬಂದ ಸ್ನೇಹಿತರಲ್ಲಿ ಇಬ್ಬರ ಗಾಡಿ ಇಷ್ಟರಲ್ಲೇ ಸರಿಹೋಗಿದೆ. ಒಮ್ಮೆ ಬಾನೆಟ್ ಎತ್ತಿ, ಚೋಕ್ ಎಳೆದು ಬಿಟ್ಟಾಗ ಕಾರ್ಬುರೇಟರ್ ಪಕ್ಕದ ಲಿವರ್ ಪೂರ್ತಿ ಹೋಗಿ ಪೂರ್ತಿ ವಾಪಸ್ ಬರುತ್ತದಾ ಅಂತಲೂ ನೋಡಿ. ಕೇಬಲ್ ತುಕ್ಕು ಹಿಡಿದು ನಡುವೆ ಸಿಕ್ಕಿಕೊಂಡರೆ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ, ಮಧ್ಯಾಹ್ನ ಓವರ್‌ಫ್ಲೋ.

ವಾರಗಟ್ಟಲೆ ನಿಂತ ಗಾಡಿಯಾದರೆ ಬೌಲ್‌ನಲ್ಲಿದ್ದ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಮೂರು ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಹತ್ತಿಕೊಂಡರೆ ಅದು ರೋಗವಲ್ಲ.

ಕಾರ್ಬುರೇಟರ್ ಬಾಯಲ್ಲಿ ಇಣುಕಿ

ಎಂಜಿನ್ ಆಫ್ ಇರಲಿ. ಏರ್ ಕ್ಲೀನರ್ ಬಿಚ್ಚಿ. ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರನ್ನು ಕೈಯಲ್ಲಿ ಚಕ್ಕನೆ ತಿರುಗಿಸಿ. ಸಣ್ಣ ಕೊಳವೆಯಿಂದ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮಿದರೆ ಬೌಲ್‌ವರೆಗೆ ಪೆಟ್ರೋಲ್ ಬಂದಿದೆ. ಟ್ಯಾಂಕು, ಪೈಪು, ಪಂಪು ಎಲ್ಲ ಬಿಟ್ಟು ನೇರ ಜೆಟ್‌ಗಳ ಕಡೆ ಹೋಗಬಹುದು. ಚಿಮ್ಮದಿದ್ದರೆ ಬೌಲ್ ಬಹುಶಃ ಖಾಲಿ, ಹಿಂದಕ್ಕೆ ನಡೆಯಬೇಕು. ಈ ಹೊತ್ತಲ್ಲಿ ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿದು, ಮುಖ ಬಗ್ಗಿಸಿಕೊಂಡೇ ಸೆಲ್ಫ್ ಹೊಡೆಸುವವರನ್ನು ನೋಡಿದ್ದೇನೆ. ಬ್ಯಾಕ್‌ಫೈರ್ ಆಗಿ ಬೆಂಕಿ ಹಿಂದಕ್ಕೆ ಉಗುಳಿದರೆ ಹುಬ್ಬು, ಮೀಸೆ ಎರಡೂ ಹೋಗುತ್ತವೆ.

ಈಗ ಪಂಪು. ಕಾಯಿಲ್‌ನ ಸಣ್ಣ ವೈರ್ ಒಂದನ್ನು ಬಿಚ್ಚಿ ಟೇಪ್ ಸುತ್ತಿಡಿ, ಕಿಡಿ ಬರಬಾರದು. ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ, ಅದರ ತುದಿಯನ್ನು ಒಂದು ಗಾಜಿನ ಬಾಟಲಿಗೆ ಇಳಿಬಿಡಿ. ಸೆಲ್ಫ್ ಹೊಡೆಸಿ. ಜೋರಾಗಿ, ತಾಳ ಹಾಕಿದ ಹಾಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಪಂಪಿಗೆ ಕೈಮುಗಿದು ಮುಂದೆ ಹೋಗಿ; ಬೌಲ್‌ನ ಬಾಗಿಲಲ್ಲಿರುವ ನೀಡಲ್ ವಾಲ್ವ್ ಅಂಟಿಕೊಂಡಿರಬಹುದು. ಬಾಟಲಿಗೆ ಹನಿಹನಿ ಬಿದ್ದರೆ ಅಥವಾ ಬರೀ ಗುಳ್ಳೆ ಬಂದರೆ ತೊಂದರೆ ಪಂಪಿನಲ್ಲಿ ಅಥವಾ ಅದರ ಹಿಂದೆ.

ಬಾಟಲಿಯಲ್ಲಿ ಬಿದ್ದದ್ದನ್ನು ಚೆಲ್ಲಬೇಡಿ. ಕಾಲು ಗಂಟೆ ಅಲುಗಿಸದೆ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಕೆಂಪು ಪುಡಿ ಇದ್ದರೆ ಟ್ಯಾಂಕಿನ ತುಕ್ಕು. ತಳದಲ್ಲಿ ಬೇರೆಯೇ ಪದರ, ಓಡಾಡುವ ಗುಂಡು ಗುಂಡು ಹನಿ ಕಂಡರೆ ನೀರು. ಪೇಂಟ್ ವಾಸನೆ ಹೊಡೆದರೆ ಪೆಟ್ರೋಲ್ ಹಳಸಿದೆ, ಎಲ್ಲ ಖಾಲಿ ಮಾಡಬೇಕು.

ಪಂಪಿನ ಹಿಂದೆ

ಮೊದಲು ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಆಡಲು ದಾರಿ ಇರಬೇಕು. ಆ ದಾರಿ ಧೂಳಿನಿಂದ ಮುಚ್ಚಿದರೆ, ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಗಾಡಿ ಹತ್ತು ಹದಿನೈದು ನಿಮಿಷ ಓಡಿ ನಿಂತರೆ, ಮುಚ್ಚಳ ತೆರೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ ಹಾಗೆ.

ಓಡುತ್ತಾ ನಿಂತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಇನ್ನೊಂದು ಕಾಯಿಲೆ ಇದೆ. ಟ್ಯಾಂಕಿನೊಳಗೆ ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿಗೆ ಕಸ ಬಂದು ಅಂಟುತ್ತದೆ, ಎಳೆತ ನಿಂತರೆ ಕೆಳಗೆ ಬೀಳುತ್ತದೆ. ಪಂಪಿನ ಹತ್ತಿರ ಪೈಪ್ ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆಗೆದು, ಸೈಕಲ್ ಪಂಪಿನಿಂದ ಹಿಂದಕ್ಕೆ ಗಾಳಿ ಹೊಡೆಯಿರಿ. ಟ್ಯಾಂಕಿನಲ್ಲಿ ಬುಳುಬುಳು ಕೇಳಬೇಕು. ಪೆಟ್ರೋಲ್ ಪಂಪ್ ಜೋಡಿಸಿಯೇ ಗಾಳಿ ಹೊಡೆದರೆ ಅದರೊಳಗಿನ ವಾಲ್ವ್ ಹಾಳಾಗುತ್ತದೆ. ಈ ಉಪಾಯ ಮನೆ ಸೇರಲು ಮಾತ್ರ. ಆಮೇಲೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು.

ಪಂಪಿನ ಹಿಂದಿನ ಭಾಗದಲ್ಲಿ ತೂತು ಇದ್ದರೆ ಪೆಟ್ರೋಲ್ ಹೊರಗೆ ಸೋರುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಹನಿ ಇಲ್ಲ, ವಾಸನೆ ಇಲ್ಲ, ಆದರೂ ಪಂಪಿಗೆ ಪೆಟ್ರೋಲ್ ಇಲ್ಲ. ಸ್ಟ್ರಾದಲ್ಲಿ ತೂತಿದ್ದರೆ ಎಳನೀರು ಬರುವುದಿಲ್ಲ, ಅಲ್ವಾ? ರಬ್ಬರ್ ಪೈಪುಗಳ ಕ್ಲಿಪ್, ಪಂಪಿನ ಮೇಲಿನ ಮುಚ್ಚಳದ ವಾಷರ್, ಫಿಲ್ಟರಿನ ಎರಡು ತುದಿ, ಇವುಗಳನ್ನು ಕೈಯಾಡಿಸಿ ನೋಡಿ. ರಬ್ಬರ್ ಪೈಪ್ ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ, ಬದಲಾಯಿಸಿ. ಬೈಕಿಗೆ ಹಾಕುವ ಪ್ಲಾಸ್ಟಿಕ್ ಪೈಪ್ ಬೇಡ, ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಂಥ ಕಡೆ ಕೊಳ್ಳುವಾಗ ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಗುಣಮಟ್ಟದ ಗುರುತು ಅಚ್ಚಾಗಿದೆಯಾ ನೋಡಿ. ಎಥನಾಲ್ ಎಂಬ ಆಲ್ಕೋಹಾಲ್ ಬೆರೆತ ಪೆಟ್ರೋಲಿಗೆ ಅದು ಹಳೇ ಆರ್7ಗಿಂತ ಚೆನ್ನಾಗಿ ತಡೆಯುತ್ತದೆ. ಪಾರದರ್ಶಕ ಫಿಲ್ಟರ್ ಅರ್ಧ ಖಾಲಿ ಕಂಡರೆ ಗಾಬರಿ ಬೇಡ, ಅದು ಹಾಗೇ ಇರುತ್ತದೆ.

ಇಷ್ಟೂ ಸರಿ ಇದ್ದರೆ ಪಂಪಿನದೇ ತಪ್ಪು. ಪಕ್ಕದಲ್ಲಿ ಕೈಯಿಂದ ಒತ್ತುವ ಪುಟ್ಟ ಲಿವರ್ ಇದ್ದರೆ ಒತ್ತಿ ನೋಡಿ. ಸಡಿಲವಾಗಿ, ಏನೂ ತಾಗದ ಹಾಗೆ ಆಡಿದರೆ ಪಂಪ್ ಕೆಟ್ಟಿದೆ ಅಂತ ಆಗಲೇ ತೀರ್ಮಾನಿಸಬೇಡಿ. ಎಂಜಿನ್ನಿನ ಕ್ಯಾಮ್ ಪಂಪಿನ ತೋಳನ್ನು ಒತ್ತಿ ಹಿಡಿದಿರಬಹುದು. ಎಂಜಿನ್ನನ್ನು ಹ್ಯಾಂಡಲ್‌ನಲ್ಲೋ ಫ್ಯಾನ್ ಹಿಡಿದೋ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಆಮೇಲೆ ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದು ಮೂಸಿ. ಆಯಿಲ್ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಬಂದರೆ ಪಂಪಿನೊಳಗಿನ ಪರದೆ, ಅಂದರೆ ಡಯಾಫ್ರಾಂ, ಹರಿದು ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತಿದೆ. ಅಲ್ಲಿಗೆ ನಿಲ್ಲಿಸಿ. ಪಂಪಿನ ಜೊತೆಗೆ ಆಯಿಲ್ಲೂ ಬದಲಾಗುವವರೆಗೆ ಎಂಜಿನ್ ಓಡಿಸಬೇಡಿ, ತೆಳುವಾದ ಆಯಿಲ್ ಬೇರಿಂಗ್ ತಿಂದುಹಾಕುತ್ತದೆ. ಹೊಸ ಪಂಪ್ ಕೂರಿಸುವಾಗ ಹಳೆಯದರ ಕೆಳಗೆ ಎಷ್ಟು ದಪ್ಪದ ಗ್ಯಾಸ್ಕೆಟ್ ಇತ್ತೋ ಅಷ್ಟೇ ಇರಲಿ. ದಪ್ಪ ಜಾಸ್ತಿಯಾದರೆ ತೋಳು ಪೂರ್ತಿ ಆಡುವುದಿಲ್ಲ, ಹೊಸ ಪಂಪೂ ಹಳೆಯದರ ಹಾಗೇ ಸೊರಗುತ್ತದೆ.

ಕೊನೆಗೆ ಕಾರ್ಬುರೇಟರ್

ನೀಡಲ್ ಅಂಟಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಬೌಲ್ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿ. ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಮುಚ್ಚಳ ಬಿಚ್ಚಿ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋನಿನಲ್ಲಿ ಫೋಟೋ ತೆಗೆಯಿರಿ, ಕೆಳಗೆ ಬಿಳಿ ಬಟ್ಟೆ ಹಾಸಿ. ನಮ್ಮ ಗಾಡಿಯ ಒಂದು ಜೆಟ್ ಇಂದಿಗೂ ಅಂಗಳದ ಕನಕಾಂಬರ ಗಿಡದ ಬುಡದಲ್ಲಿ ಎಲ್ಲೋ ಇದೆ.

ಬೌಲ್‌ನಲ್ಲಿ ತೇಲುವ ಫ್ಲೋಟ್ ಹಿತ್ತಾಳೆಯದಾದರೆ ಕಿವಿಯ ಹತ್ತಿರ ಅಲುಗಿಸಿ. ಒಳಗೆ ಗುಳುಗುಳು ಅಂದರೆ ತೂತಾಗಿ ಪೆಟ್ರೋಲ್ ತುಂಬಿದೆ. ಅದು ಮುಳುಗಿ, ಬೌಲ್ ಉಕ್ಕಿ, ಗಾಡಿ ಓವರ್‌ಫ್ಲೋ ಆಗುತ್ತಿರುತ್ತದೆ. ಅನುಮಾನವಿದ್ದರೆ ಬೇರೆ ಕಡೆ ಕಾಯಿಸಿ ತಂದ ಬಿಸಿನೀರಿನಲ್ಲಿ ಅದ್ದಿ, ತೂತಿನಿಂದ ಗುಳ್ಳೆ ಏಳುತ್ತದೆ. ನೀಡಲ್‌ನ ಚೂಪಿನ ಸುತ್ತ ಗೆರೆ ಬಿದ್ದಿದ್ದರೆ ನೀಡಲ್ಲನ್ನೂ ಅದರ ಸೀಟನ್ನೂ ಒಟ್ಟಿಗೆ ಬದಲಾಯಿಸಿ.

ಜೆಟ್ ಮೇಲಿನ ಅಂಕಿ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 50 ಅಂದರೆ ಅರ್ಧ ಮಿಲಿಮೀಟರ್. ಅಂಥ ತೂತಿಗೆ ತಂತಿ, ಪಿನ್ನು ಹಾಕಿ ಕೆರೆದರೆ ಹಿತ್ತಾಳೆ ಸವೆದು ಅಳತೆಯೇ ಕೆಡುತ್ತದೆ. ಕಾರ್ಬ್ ಕ್ಲೀನರಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿ, ಬೆಳಕಿಗೆ ಹಿಡಿದು ನೋಡಿ. ಹಠ ಹಿಡಿದ ಕಸಕ್ಕೆ ಮೀನಿನ ಗಾಳದ ನೈಲಾನ್ ದಾರ ಸಾಕು. ಮತ್ತೆ ಜೋಡಿಸುವಾಗ ಕಾರ್ಬುರೇಟರ್ ಬುಡದ ನಟ್ಟುಗಳನ್ನು ಎರಡೂ ಕಡೆ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದೇ ಕಡೆ ತಿರುಚಿದರೆ ಬುಡ ಸೊಟ್ಟಗಾಗಿ ಗಾಳಿ ಎಳೆಯುತ್ತದೆ.

ಬಿಸಿಯಾದಾಗ ಮಾತ್ರ ಕೈಕೊಟ್ಟರೆ

ಸಿಗ್ನಲ್‌ನಲ್ಲಿ ಅರ್ಧ ಗಂಟೆ ಒದ್ದಾಡಿ, ಅಂಗಡಿ ಮುಂದೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಂದರೆ ಸ್ಟಾರ್ಟ್ ಆಗಲ್ಲ. ಪಂಪಿನಲ್ಲಿ, ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿಯಾದರೆ ಪಂಪಿಗೆ ಆ ಆವಿಯನ್ನು ತಳ್ಳಲು ಆಗುವುದಿಲ್ಲ. ಇದು ವೇಪರ್ ಲಾಕ್, ಪ್ಲಗ್ ಒಣಗಿರುತ್ತದೆ. ಬೌಲ್‌ನಲ್ಲೇ ಕುದಿದು ಎಂಜಿನ್ನಿಗೆ ಉಕ್ಕಿದರೆ ಪ್ಲಗ್ ಒದ್ದೆ. ಒಣ ಪ್ಲಗ್ಗಿಗೆ ಒದ್ದೆ ಬಟ್ಟೆ: ಪಂಪಿಗೂ ಪೈಪಿಗೂ ಸುತ್ತಿ, ಕಾಲು ಗಂಟೆ ಬಾನೆಟ್ ತೆರೆದಿಡಿ. ಒದ್ದೆ ಪ್ಲಗ್ಗಿಗೆ ಮೊದಲು ಹೇಳಿದ ಹಾಗೆ ಪೆಡಲ್ ನೆಲಕ್ಕೆ.

ಪದೇ ಪದೇ ಆದರೆ ಪೈಪ್ ಎಗ್ಸಾಸ್ಟ್ ಹತ್ತಿರ ಹಾದುಹೋಗಿದೆಯಾ, ಕಾರ್ಬುರೇಟರ್ ಬುಡದಲ್ಲಿ ಬಿಸಿ ತಡೆಯುವ ದಪ್ಪ ಬಿಲ್ಲೆಯನ್ನು ಯಾರಾದರೂ ಹಾಕಲು ಮರೆತಿದ್ದಾರಾ ನೋಡಿ. ಅಂಬಾಸಿಡರಿನ ಹಳೇ ಪೆಟ್ರೋಲ್ ಎಂಜಿನ್ನಿನಲ್ಲಿ ಇನ್‌ಟೇಕು, ಎಗ್ಸಾಸ್ಟು ಎರಡೂ ಒಂದೇ ಪಕ್ಕ. ಅವರಿಗೆ ಈ ಕಾಟ ಹೊಸದೇನಲ್ಲ.

ಇ20 ಬಂದಮೇಲೆ

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ನಮ್ಮ ಗಾಡಿಗಳನ್ನು ಮಾಡಿದವರು ಇದನ್ನು ಕನಸಲ್ಲೂ ಎಣಿಸಿರಲಿಲ್ಲ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಹಳೇ ಅಳತೆಯ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ ತೆಳುವಾಗುತ್ತದೆ. ಎಥನಾಲ್ ಚಳಿಯಲ್ಲಿ ಬೇಗ ಆವಿಯಾಗುವುದೂ ಇಲ್ಲ. ಡಿಸೆಂಬರ್ ಬೆಳಗ್ಗೆ ಮೊದಲಿಗಿಂತ ಜಾಸ್ತಿ ಹೊತ್ತು ಚೋಕ್ ಕೇಳಿದರೆ ಆಶ್ಚರ್ಯ ಬೇಡ.

ಅದಕ್ಕಿಂತ ದೊಡ್ಡ ತಲೆನೋವು ಹಳೇ ರಬ್ಬರ್ ಮತ್ತು ನೀರು. ಹಳೇ ಡಯಾಫ್ರಾಂ, ಹಳೇ ಪೈಪು ಊದಿಕೊಳ್ಳುತ್ತವೆ, ಪದರ ಬಿಡುತ್ತವೆ. ನಮ್ಮ ನಾಲಿಗೆ ಪೈಪಿನದೂ ಇದೇ ಕಥೆ ಅಂತ ನನ್ನ ಅಂದಾಜು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮಿತಿ ಮೀರಿದಾಗ ನೀರನ್ನು ಕಟ್ಟಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪೆಟ್ರೋಲ್ ಎಳೆಯುವ ಕೊಳವೆ ಇರುವುದೂ ತಳದಲ್ಲೇ.

ಎಷ್ಟು ಎಥನಾಲ್ ಇದೆ ಅಂತ ಮನೆಯಲ್ಲೇ ನೋಡಬಹುದು. ಅಳತೆ ಗುರುತಿರುವ ಗಾಜಿನ ಜಾಡಿಗೆ 20 ಮಿಲಿ ನೀರು, 80 ಮಿಲಿ ಪೆಟ್ರೋಲ್ ಹಾಕಿ, ಮುಚ್ಚಿ ಅಲುಗಿಸಿ, ಮುಚ್ಚಳ ಒಮ್ಮೆ ಸಡಿಲಿಸಿ ಗಾಳಿ ಬಿಟ್ಟು, ಕಾಲು ಗಂಟೆ ಇಡಿ. ಎಥನಾಲ್ ನೀರಿನ ಜೊತೆ ಸೇರಿ ಕೆಳಗಿನ ಪದರ ಬೆಳೆಯುತ್ತದೆ. ಇ20 ಆದರೆ 20 ಇದ್ದದ್ದು ಸುಮಾರು 35ಕ್ಕೆ ಏರುತ್ತದೆ.

ತಿಂಗಳಿಗಿಂತ ಹೆಚ್ಚು ದಿನ ಗಾಡಿ ನಿಲ್ಲಿಸುವುದಾದರೆ ನಾನು ಟ್ಯಾಂಕ್ ತುಂಬಿಸಿಡುತ್ತೇನೆ. ಒಳಗೆ ಗಾಳಿ ಕಮ್ಮಿ ಇದ್ದಷ್ಟೂ ತೇವ ಕಮ್ಮಿ. ಆಮೇಲೆ ತಣ್ಣಗಿನ ಎಂಜಿನ್ನಿನಲ್ಲಿ ಪಂಪಿಗೆ ಬರುವ ರಬ್ಬರ್ ಪೈಪ್ ಬಿಚ್ಚಿ, ತುದಿಗೆ ಒಂದು ಬೋಲ್ಟ್ ತುರುಕಿ ಕ್ಲಿಪ್ ಹಾಕಿ, ಚೆಲ್ಲಿದ ಹನಿ ಒರೆಸಿ, ಐದು ನಿಮಿಷ ಬಿಟ್ಟು ಎಂಜಿನ್ ಸ್ಟಾರ್ಟ್ ಮಾಡುತ್ತೇನೆ. ಬೌಲ್‌ನಲ್ಲಿ ಉಳಿದದ್ದನ್ನು ಕುಡಿದು ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಬೋಲ್ಟ್ ಹಾಕಿದ್ದೇನೆ ಅಂತ ಒಂದು ಚೀಟಿ ಬರೆದು ಸ್ಟೀರಿಂಗಿಗೆ ಕಟ್ಟುತ್ತೇನೆ. ಕಟ್ಟದೆ ಇದ್ದ ವರ್ಷ, ಬೋಲ್ಟ್ ಮರೆತು ಅರ್ಧ ದಿನ ಕಾರ್ಬುರೇಟರ್ ಬಿಚ್ಚಿದವನು ಬೇರೆ ಯಾರೂ ಅಲ್ಲ.